ಬೆಂಕಿಪುರದ ಬೆಂಕಿ, ಮಲೆನಾಡಿನ ಸೌದೆ

(ಬೆಂಗಳೂರಿನಲ್ಲಿ ನೆಲೆಸಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ನಮ್ಮ ಮೂರು ತಾಲ್ಲೂಕು ಮತ್ತು ಕನ್ನಡ’ ಎಂಬ ವಿಷಯದ ಮೇಲೆ ಮಾತಾಡಿ ಎಂದಿದ್ದೀರಿ. ಕುಪ್ಪಳಿ, ಮೇಳಿಗೆ, ಹೆಗ್ಗೋಡು ಎಂದು ಶುರು ಮಾಡಿ ಕುವೆಂಪು, ಅನಂತಮೂರ್ತಿ, ಸುಬ್ಬಣ್ಣ ಎಂದು ಮುಗಿಸುತ್ತೇನೆಂದು ನೀವು ಕಾದಿರಬಹುದು. ಆ ಪಟ್ಟಿಯನ್ನು ಪ್ರತಿ ನವೆಂಬರ್‌ನಲ್ಲೂ ಓದುತ್ತಾರೆ, ನಾವು ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತೇವೆ. ಇವತ್ತು ನಾನು ನಮ್ಮ ಮೂರು ತಾಲ್ಲೂಕಿನೊಳಗೆ ಇಲ್ಲದ ಒಂದು ಊರಿನ ಬಗ್ಗೆ ಮಾತಾಡುತ್ತೇನೆ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಒಳಗೇ ಇದೆ. ನಮ್ಮ ಬಿದಿರು, ನಮ್ಮ ನೀರಿನ ಕರೆಂಟು, ನಮ್ಮ ಗುಡ್ಡದ ನೀಲಗಿರಿ, ಅಕೇಶಿಯ ಎಲ್ಲವನ್ನೂ ತಿಂದು ಬೆಳೆದ ಊರು ಅದು. ಭದ್ರಾವತಿ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಳೆ ಬಳುಕಿ ಹರಿಯುವ ಜಾಗವಾದ್ದರಿಂದ ವಂಕಿಪುರ ಇದ್ದದ್ದು ಬೆಂಕಿಪುರ ಆಯಿತು ಎನ್ನುವವರಿದ್ದಾರೆ. ಹೆಸರಿನ ಮೂಲ ಏನೇ ಇರಲಿ, ಮುಂದೆ ಆ ಊರಿಗೆ ಬೆಂಕಿಯೇ ಅನ್ನ ಹಾಕಿತು. ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇದೆ, ಭದ್ರಾ ನದಿ ಇದೆ, ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ಹಳಿ ಇದೆ. ಇಷ್ಟೇ ಇದ್ದ ಹಳ್ಳಿಯನ್ನು ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಆರಿಸಿಕೊಂಡದ್ದು ಯಾಕೆ? ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಹತ್ತಿರದ ಭಂಡಿಗುಡ್ಡದಲ್ಲಿ ಸುಣ್ಣದಕಲ್ಲು ಇತ್ತು, ಹೊಳೆಯಲ್ಲಿ ನೀರಿತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಅದಿರನ್ನು ಕರಗಿಸುವ ಕುಲುಮೆಗೆ ಇದ್ದಿಲು ಬೇಕೇ ಬೇಕು. ಅದಿರಿನಲ್ಲಿ ಸೇರಿಕೊಂಡಿರುವ ಆಮ್ಲಜನಕವನ್ನು ಕಿತ್ತು ಕಬ್ಬಿಣವನ್ನು ಬಿಡಿಸುವುದು ಆ ಇದ್ದಿಲೇ. ಕಲ್ಲಿದ್ದಲು ಬಂಗಾಳ ಬಿಹಾರದ ಕಡೆಯಿಂದ ಬರಬೇಕು, ಅಷ್ಟು ದೂರದ ಬಾಡಿಗೆ ಕೊಟ್ಟರೆ ಲಾಭ ಎಲ್ಲಿ? ಆಗ ಕಣ್ಣು ಬಿದ್ದದ್ದು ಮಲೆನಾಡಿನ ಕಾಡಿನ ಮೇಲೆ.

1918ರಲ್ಲಿ ಕೆಲಸ ಶುರುವಾಯಿತು, 1923ರ ಜನವರಿಯಲ್ಲಿ ಊದುಕುಲುಮೆಯಿಂದ ಕಬ್ಬಿಣ ಹರಿಯಿತು. ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕಿದರು. ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿಗೆ ಗಾಳಿಯಲ್ಲಿ ಹಗ್ಗದ ದಾರಿ ಕಟ್ಟಿ ಅದಿರಿನ ತೊಟ್ಟಿಗಳನ್ನು ಇಳಿಸಿದರು. ಮರವನ್ನು ಸುಮ್ಮನೆ ಸುಡಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನು ಕುಲುಮೆಗೆ ಕೊಟ್ಟು, ಹೊರಬಂದ ಆವಿಯನ್ನು ತಣಿಸಿ ಮೀಥೈಲ್ ಆಲ್ಕೋಹಾಲು, ಟಾರು ಇತ್ಯಾದಿ ತೆಗೆದರು. ಸ್ವೀಡನ್ ದೇಶದ ಇದ್ದಿಲು ಕಬ್ಬಿಣಕ್ಕೆ ಲೋಕದಲ್ಲೆಲ್ಲ ಹೆಸರಿತ್ತು, ಅದರಲ್ಲಿ ಗಂಧಕದ ಅಂಶ ಕಡಿಮೆ. ಅಂಥ ಕಬ್ಬಿಣವನ್ನು ನಮ್ಮ ಭದ್ರಾವತಿ ಮಾಡಿತು. ಆದರೆ ಕಾರ್ಖಾನೆ ಎದ್ದು ನಿಲ್ಲುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ‘ಮೈಸೂರಿನವರಿಗೆ ಯಾಕೆ ಬೇಕಿತ್ತು ಈ ಉಸಾಬರಿ’ ಎಂದು ಆಡಿಕೊಂಡವರು ಬಹಳ ಜನ. ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತೆ ಕರೆಸಿ ಕಾರ್ಖಾನೆಯ ಆಡಳಿತ ಒಪ್ಪಿಸಿದರು. ಅವರು 1929ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದರು. ಖರ್ಚು ಬಿಗಿ ಹಿಡಿದರು, ಅಮೆರಿಕದಿಂದ ಬಂದಿದ್ದ ತಜ್ಞರ ಜಾಗಕ್ಕೆ ಕ್ರಮೇಣ ಇಲ್ಲಿನವರನ್ನೇ ತರಬೇತು ಮಾಡಿ ಕೂರಿಸಿದರು. ಆ ದುಡಿಮೆಗೆ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವೇ ಮುಂದೆ ಬೆಂಗಳೂರಿನ ಎಸ್.ಜೆ.ಪಿ.ಗೆ, ಅಂದರೆ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ಬುನಾದಿಯಾಯಿತು. ಕೆ.ಆರ್. ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಕಾಯುವಾಗ ಆ ಕಡೆ ಒಮ್ಮೆ ನೋಡಿ. ಭದ್ರಾವತಿಯ ಕಾಸು ಅಲ್ಲಿ ಕಟ್ಟಡವಾಗಿ ನಿಂತಿದೆ.

ಇಷ್ಟು ಹೇಳಿ ಕೈಮುಗಿದು ಬಿಟ್ಟರೆ ಅರ್ಧ ಕಥೆ ಆಗುತ್ತದೆ. ‘ಇಲ್ಲಿನವರು’ ಎಂದರೆ ಯಾರು? ಅದೇ ವಿಶ್ವೇಶ್ವರಯ್ಯನವರು ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲು ಇಡುವ ವಿಚಾರವನ್ನು ಒಪ್ಪಲಿಲ್ಲ. ಮಿಲ್ಲರ್ ಸಮಿತಿಯ ಸುತ್ತಲಿನ ಆ ಜಗಳದಲ್ಲೇ ಅವರು ದಿವಾನಗಿರಿ ಬಿಟ್ಟದ್ದು. ಕಾರ್ಖಾನೆಯ ಮೇಜಿನ ಹಿಂದೆ ಕೂರಲು ಓದಿದವರು ಬೇಕು, ನಮ್ಮ ಮೂರು ತಾಲ್ಲೂಕಿನಲ್ಲಿ ಗೇಣಿ ಅಳೆಯುತ್ತಿದ್ದ ಒಕ್ಕಲ ಮಗನಿಗೆ ಆ ಕಾಲದಲ್ಲಿ ಓದು ಎಲ್ಲಿತ್ತು? ಅವನಿಗೆ ತನ್ನ ಗದ್ದೆಯ ಬತ್ತವೇ ತನ್ನದಾಗಿರಲಿಲ್ಲ. ಅದಕ್ಕಾಗಿ ಅವನು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಲೋಹಿಯಾ ಬಂದು ಅಲ್ಲಿ ಬಂಧನಕ್ಕೊಳಗಾದರು. ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿ ನಿಂತು ಮರುವರ್ಷ ವಿಧಾನಸಭೆಗೆ ಹೋದರು. ಈ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರೇ ಬೇಕು, ಆಡಳಿತ ಕನ್ನಡದಲ್ಲೇ ನಡೆಯಬೇಕು ಎಂದು ಸದನದಲ್ಲಿ ಗುಡುಗಿದವರು ಅವರು. ಗೇಣಿದಾರನ ಪರ ನಿಂತವರೇ ಕನ್ನಡದ ಪರವೂ ನಿಂತರು. ಇದನ್ನು ಯುವಕರು ಗಮನಿಸಬೇಕು, ಯಾಕೆಂದರೆ ಈಗ ಕನ್ನಡದ ಬಾವುಟ ಹಿಡಿದ ಎಷ್ಟೋ ಜನಕ್ಕೆ ಪಹಣಿಯ ಸುದ್ದಿಯೇ ಬೇಡ.

ಕಾರ್ಖಾನೆ ಬಂದ ಮೇಲೆ ಊರು ಹೇಗೆ ಬೆಳೆಯಿತು ನೋಡಿ. ಹೊಳೆಯ ಒಂದು ಕಡೆ ಹಳೇನಗರ, ಇನ್ನೊಂದು ಕಡೆ ಕಾರ್ಖಾನೆಯವರು ಕಟ್ಟಿದ ನ್ಯೂಟೌನ್. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು, ಅದರ ಸುತ್ತ ಪೇಪರ್‌ಟೌನ್. ಅದೇ ಕಾಲಕ್ಕೆ ಉಕ್ಕಿನ ಘಟಕ, ಬೆನ್ನಿಗೇ ಸಿಮೆಂಟಿನದು. ಜನರ ಬಾಯಲ್ಲಿ ಅವು ‘ಐರನ್ ಫ್ಯಾಕ್ಟ್ರಿ’, ‘ಪೇಪರ್ ಫ್ಯಾಕ್ಟ್ರಿ’. ಸೈರನ್ ಕೂಗಿದರೆ ಊರಿಗೇ ಗಡಿಯಾರ. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿ ಮತ್ತು ಉರ್ದು ಮನೆಮಾತಿನವರು ಬಂದರು. 2011ರ ಜನಗಣತಿ ಹೊತ್ತಿಗೆ ಒಂದೂವರೆ ಲಕ್ಷ ಜನರ ಊರು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಷ್ಟು ಭಾಷೆಯವರು ಸೇರಿದರೂ ಭದ್ರಾವತಿ ಕನ್ನಡದ ಊರಾಗಿಯೇ ಉಳಿಯಿತು. ಯಾರೂ ಅಲ್ಲಿ ಬೋರ್ಡಿಗೆ ಮಸಿ ಬಳಿದು ಕನ್ನಡ ಕಲಿಸಲಿಲ್ಲ. ಕುಲುಮೆಯ ಮುಂದೆ ಪಾಳಿ ಕೆಲಸ ಮಾಡುವ ನಾಲ್ಕು ಜನ ನಾಲ್ಕು ಭಾಷೆಯವರಾದರೆ ‘ಸರಿ ಪಕ್ಕಕ್ಕೆ’ ಎಂಬ ಒಂದು ಮಾತು ನಾಲ್ವರಿಗೂ ಒಂದೇ ಸಲ ಅರ್ಥವಾಗಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ಆ ಒಂದು ಮಾತು ಕನ್ನಡದ್ದಾಗಿತ್ತು. ಸಂಬಳ ಕೊಡುವ ಸಂಸ್ಥೆ ಮೈಸೂರಿನದು, ಮೇಸ್ತ್ರಿ ಕನ್ನಡದವನು, ಮಕ್ಕಳ ಶಾಲೆ ಕನ್ನಡದ್ದು, ಸಂಜೆಯ ನಾಟಕ ಕನ್ನಡದ್ದು. ಐರನ್ ಫ್ಯಾಕ್ಟ್ರಿಯಲ್ಲಿ ದುಡಿಯುತ್ತಿದ್ದ ದೊಡ್ಡಣ್ಣ ನಮ್ಮ ಸಿನಿಮಾಕ್ಕೆ ಬಂದರು. ನಿರ್ದೇಶಕ ಎಸ್. ನಾರಾಯಣ್ ಆ ಊರಿನವರು. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಅದೇ ಭದ್ರಾವತಿಯಲ್ಲಿ. ಅವರ ಸ್ಕ್ವೇರ್‌ಕಟ್ಟಿಗೆ ನನ್ನ ತಲೆಮಾರು ಕೆಲಸ ಬಿಟ್ಟು ರೇಡಿಯೋ ಮುಂದೆ ಕೂತಿರುತ್ತಿತ್ತು.

ರೇಡಿಯೋ ಎಂದ ಕೂಡಲೇ ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್. ಕರೆಂಟಿಲ್ಲದ ಮಳೆಗಾಲದಲ್ಲಿ, ಸೆಲ್ಲು ಹಾಕಿದ ಪೆಟ್ಟಿಗೆಯಿಂದ ನಮ್ಮ ಮೂರು ತಾಲ್ಲೂಕಿನ ಜಗಲಿಗಳಿಗೆ ಪ್ರದೇಶ ಸಮಾಚಾರ, ಕೃಷಿರಂಗ, ಭಾವಗೀತೆ, ನಾಟಕ ತಂದದ್ದು ಅದು. ಅಡಿಕೆ ಸುಲಿಯುತ್ತಾ ಕೇಳಿದವರ ಕನ್ನಡ ಅಲ್ಲಿ ತಿದ್ದಿಕೊಂಡಿತು. ಕಾರ್ಖಾನೆಯ ಊರಲ್ಲಿ ಇದ್ದದ್ದರಿಂದ ಅದು ಬರಿ ಪಂಡಿತರ ರೇಡಿಯೋ ಆಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಕಡೆಯ ಲೆಕ್ಕಕ್ಕೆ ಬರೋಣ. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಉದ್ಘಾಟನೆಯಾಯಿತು, ಮಹಾತ್ಮ ಗಾಂಧಿ ಹೆಸರಿಟ್ಟರು. ನಾಲ್ಕು ವರ್ಷಕ್ಕೆ, 1952ರಲ್ಲಿ, ಭದ್ರಾವತಿಯಲ್ಲಿ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದವು. ಸೌದೆ ಮುಗಿಯುತ್ತಾ ಬಂದಾಗ ಶರಾವತಿ ನೆರವಿಗೆ ಬಂದಳು. ಆ ಮೇಲೆ 1964ರಲ್ಲಿ ಲಿಂಗನಮಕ್ಕಿ. ಸಾಗರ, ಹೊಸನಗರ ತಾಲ್ಲೂಕುಗಳ ಊರು, ತೋಟ, ದೇವಸ್ಥಾನ, ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಸಮೇತ ನೀರಿನಡಿಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ, ನಾವು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತೇವೆ! ಸಂತ್ರಸ್ತರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗ, ಭದ್ರಾವತಿ ಸೀಮೆಯ ಕಾಡಂಚಿಗೆ ಇಳಿಸಿದರು. ಅರವತ್ತು ವರ್ಷ ದಾಟಿದರೂ ಅವರಲ್ಲಿ ಸಾವಿರಾರು ಮನೆಗಳವರು ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ತುಮರಿ ಕಡೆಯವರು ಲಾಂಚಿಗಾಗಿ ಹೊಳೆಬಾಗಿಲಲ್ಲಿ ಕಾದು ನಿಂತರು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಅವರಿಗೇ ಮಾಡಿದಂತಿದೆ. ಇದನ್ನು ಸಾಹಿತ್ಯಕ್ಕೆ ತಂದ ನಾ. ಡಿಸೋಜ ಶರಾವತಿ ಯೋಜನೆಯ ಕಚೇರಿಯಲ್ಲೇ ದುಡಿದವರು, ಸಾಗರದವರು, ಮನೆಮಾತು ಕೊಂಕಣಿ. 2025ರ ಜನವರಿಯಲ್ಲಿ ತೀರಿಕೊಂಡರು. ಅವರ ‘ದ್ವೀಪ’ವನ್ನು ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನವರು. ಮುಳುಗಿದ್ದು ಒಂದು ತಾಲ್ಲೂಕು, ಅತ್ತದ್ದು ಇನ್ನೊಂದು.

ಈಗ ಕಾಗದದ ವಿಷಯ. ನಾನು ಹುಡುಗನಾಗಿದ್ದಾಗ ಬಿದಿರು ಹೇರಿದ ಲಾರಿಗಳು ಆನಂದಪುರ, ಆಯನೂರು ದಾಟಿ ಸಾಲಾಗಿ ಹೋಗುತ್ತಿದ್ದವು. ಹಿಂದೆ ತೂಗಾಡುವ ಬಿದಿರಿನ ತುದಿ ನೆಲಕ್ಕೆ ತಾಗಿ ಶಬ್ದ ಮಾಡುತ್ತಿತ್ತು. ಬಿದಿರು ಸಾಲದಾಯಿತು. 1980ರ ಹೊತ್ತಿಗೆ ಸರ್ಕಾರ ಕಾಗದ ಕಾರ್ಖಾನೆಗೆ ಸುಮಾರು 30,000 ಹೆಕ್ಟೇರ್ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟು ನೆಡುತೋಪು ಬೆಳೆಸಲು ಹೇಳಿತು. ಮರುವರ್ಷ, 1981ರಲ್ಲಿ, ಪತ್ರಿಕಾ ಕಾಗದ ತಯಾರಿಕೆ ಶುರುವಾಯಿತು, ವರ್ಷಕ್ಕೆ 75,000 ಟನ್ ಸಾಮರ್ಥ್ಯ. ಗೋಕಾಕ್ ಚಳವಳಿಯ ಕಾಲ ನೆನಪು ಮಾಡಿಕೊಳ್ಳಿ. ಕನ್ನಡಕ್ಕಾಗಿ ರಾಜ್ ಬೀದಿಗಿಳಿದ ಸುದ್ದಿ ಅಚ್ಚಾಗುತ್ತಿದ್ದ ಕಾಲಕ್ಕೆ ಪತ್ರಿಕೆಗಳಿಗೆ ನಮ್ಮದೇ ನೆಲದ ಕಾಗದವೂ ಸಿಗತೊಡಗಿತ್ತು. ಇಂಥ ಸಣ್ಣ ಪತ್ರಿಕೆಗಳು ಬದುಕಿದ್ದೂ ಅಂಥ ಕಾಗದದ ಮೇಲೆ. ಒಪ್ಪಬೇಕಾದ ಉಪಕಾರ.

ಆದರೆ ಆ ಕಾಗದಕ್ಕೆ ನಮ್ಮ ಮೂರು ತಾಲ್ಲೂಕು ಕೊಟ್ಟ ಬೆಲೆ ಏನು? ದನ ಮೇಯುವ ಗುಡ್ಡ, ಕಾನಿನ ಅಂಚು, ಎಲ್ಲ ಕಡೆ ಒಂದೇ ಜಾತಿಯ ಗಿಡ. ನೀಲಗಿರಿ, ಆಮೇಲೆ ಅಕೇಶಿಯ. ಕಾನು ಎಂದರೆ ನೂರು ಜಾತಿಯ ಮರ, ಮುರುಗಲು, ಹಲಸು, ಉಪ್ಪಾಗೆ, ಬೆತ್ತ, ಜೇನು. ಅಕೇಶಿಯದ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಉದುರಿದ ಎಲೆ ಬೇಗ ಕೊಳೆಯುವುದಿಲ್ಲ, ದನ ಮುಟ್ಟುವುದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರುತ್ತಿದ್ದವನಿಗೆ ಅದರ ದರಗು ಏನು ಉಪಯೋಗ? ಮಂಗ ಕಾಡಿನಲ್ಲಿ ಹಣ್ಣಿಲ್ಲದೆ ತೋಟಕ್ಕೆ ಇಳಿಯಿತು. ಈಗ ಮಂಗನನ್ನು ಬೈಯುತ್ತೇವೆ.

2015ರಲ್ಲಿ ಪೇಪರ್ ಫ್ಯಾಕ್ಟ್ರಿಯ ಯಂತ್ರ ನಿಂತಿತು. ಕಾರಣಗಳನ್ನು ನ್ಯಾಯವಾಗಿ ನೋಡೋಣ. 1995ರ ನಂತರ ಪತ್ರಿಕಾ ಕಾಗದದ ಆಮದು ಸಲೀಸಾಯಿತು, ಹೊರದೇಶದ ಕಾಗದ ಸುರಿಯಿತು. ನಮ್ಮ ಯಂತ್ರ ಹಳತಾದವು, ಸಾಲ ಬೆಳೆಯಿತು. ಇಲ್ಲಿ ನಮ್ಮ ಹೋರಾಟಗಾರ ಮಿತ್ರರಿಗೆ ಕಹಿ ಅನ್ನಿಸುವ ಪ್ರಶ್ನೆ ಕೇಳುತ್ತೇನೆ. ಆ ಕಾರ್ಖಾನೆ ಯಾರದು? ದೆಹಲಿಯದಲ್ಲ, ಗುಜರಾತಿನ ಸೇಠನದಲ್ಲ. ಕರ್ನಾಟಕ ಸರ್ಕಾರದ್ದು. ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡ, ರಾಜ್ಯೋತ್ಸವಕ್ಕೆ ಧ್ವಜ ಹಾರಿಸಿದ ಮಂತ್ರಿಗಳ ಕಣ್ಣೆದುರೇ ಅದು ಸತ್ತಿತು. ಇನ್ನೂ ಸೋಜಿಗ ಕೇಳಿ. ಗುತ್ತಿಗೆಯ 40 ವರ್ಷ 2020ಕ್ಕೆ ಮುಗಿಯಿತು. ಕಾರ್ಖಾನೆ ನಿಂತು ಐದು ವರ್ಷವಾಗಿತ್ತು. ಭೂಮಿ ವಾಪಸು ಅರಣ್ಯಕ್ಕೆ ಬರುತ್ತದೆ, ಇನ್ನಾದರೂ ಕಾನು ಚಿಗುರಲಿ ಎಂದು ಜನ ಕಾದಿದ್ದರು. ಸರ್ಕಾರ ಅದೇ ವರ್ಷ ಮತ್ತೆ 40 ವರ್ಷಕ್ಕೆ ಗುತ್ತಿಗೆ ನವೀಕರಿಸಿತು! ಒಲೆ ಆರಿದ ಮನೆಗೆ ಸೌದೆ ಒಟ್ಟುವುದು ಎಂದರೆ ಇದೇ. ‘ನಮ್ಮೂರಿಗೆ ಅಕೇಶಿಯ ಮರ ಬೇಡ’ ಎಂದು ಮಲೆನಾಡಿನ ಜನ ಹಳ್ಳಿ ಹಳ್ಳಿಯಲ್ಲಿ ಸಭೆ ಮಾಡಿದರು. ಆ ಸಭೆಗಳಿಗೆ ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಎಷ್ಟು ಜನ ಹೋಗಿದ್ದಿರಿ?

ಐರನ್ ಫ್ಯಾಕ್ಟ್ರಿಯದು ಬೇರೆ ಕಥೆ, ಅಲ್ಲಿ ದೆಹಲಿ ಬರುತ್ತದೆ. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಪೂರ್ತಿ ವಿಲೀನವಾಯಿತು. ಬಂಡವಾಳ ಬರುತ್ತದೆ, ಯಂತ್ರ ಹೊಸದಾಗುತ್ತದೆ ಎಂದು ಕಾರ್ಮಿಕರೇ ಆಸೆಪಟ್ಟಿದ್ದರು. ದೊಡ್ಡ ಸಂಸಾರಕ್ಕೆ ಬಂದ ಬಡ ಸೊಸೆಯ ಪಾಡಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಅದಿರು ಕೊಂಡು ತರಬೇಕಾದ ಉಕ್ಕಿನ ಕಾರ್ಖಾನೆ ಎಷ್ಟು ದಿನ ಬದುಕೀತು? 2016ರಲ್ಲಿ ಮಾರಾಟಕ್ಕಿಟ್ಟರು. ಕೊಳ್ಳುವವರು ಸಿಗದೆ 2022ರಲ್ಲಿ ಅದನ್ನೂ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ನೂರು ವರ್ಷದ ಹಿಂದೆ ಯಾವ ತಿಂಗಳಲ್ಲಿ ಮೊದಲ ಕಬ್ಬಿಣ ಹರಿಯಿತೋ ಅದೇ ತಿಂಗಳು. ಗುತ್ತಿಗೆ ಕಾರ್ಮಿಕರು ಕಾರ್ಖಾನೆ ಮುಂದೆ ಧರಣಿ ಕೂತರು. ಊರು ಬಂದ್ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. 2024ರಲ್ಲಿ ಕನ್ನಡಿಗರೇ ಕೇಂದ್ರದ ಉಕ್ಕು ಸಚಿವರಾಗಿ ಬಂದು ಪುನಶ್ಚೇತನದ ಮಾತಾಡಿದರು. ಮಾತು ಕೇಳಿದ ಭದ್ರಾವತಿಯವರು ಹೂವಿನ ಹಾರ ಹಾಕಿದರು, ಆದರೆ ಬಹಳ ಜನ ತಮ್ಮ ಮಕ್ಕಳನ್ನು ಅದಕ್ಕೂ ಮೊದಲೇ ಬೆಂಗಳೂರಿಗೆ ಕಳಿಸಿಯಾಗಿತ್ತು.

ನಾವು ಸರೋಜಿನಿ ಮಹಿಷಿ ವರದಿಯನ್ನು ಬಾಯಿಪಾಠ ಮಾಡಿದ್ದೇವೆ. 1986ರಲ್ಲಿ ಬಂದ ಅಂತಿಮ ವರದಿ, 58 ಶಿಫಾರಸು, ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಕೆಲಸ ನೂರಕ್ಕೆ ನೂರು ಕನ್ನಡಿಗರಿಗೆ. ಸರಿಯಾದ ಬೇಡಿಕೆ, ಬಿಡಬಾರದು. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆ ಉದ್ಯಮಿಗಳು ಹುಬ್ಬೇರಿಸಿದ ಕೂಡಲೇ ತಣ್ಣಗಾಯಿತು, ಅದರ ಬಗ್ಗೆ ಸಿಟ್ಟು ಬರಬೇಕು. ಆದರೆ ಉದ್ಯಮವೇ ಇಲ್ಲದಾದರೆ ನೂರಕ್ಕೆ ನೂರು ಎಂದರೆ ಎಷ್ಟು? ಸೊನ್ನೆಗೆ ಸೊನ್ನೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಭದ್ರಾವತಿಯಲ್ಲಿ ನೂರಕ್ಕೆ ನೂರು ಕನ್ನಡದ ನಾಮಫಲಕ ಇರುವ ಅಂಗಡಿಗಳಿವೆ, ಗಿರಾಕಿ ಇಲ್ಲ.

ಹೊಸನಗರದ ಹುಡುಗ ಡಿಪ್ಲೊಮಾ ಮಾಡಿ ಎರಡು ಗಂಟೆ ಬಸ್ಸಿನ ದೂರದಲ್ಲಿ ಫಿಟ್ಟರ್ ಆಗಿ ಸೇರಿ, ಶನಿವಾರ ಊರಿಗೆ ಬಂದು ಅಡಿಕೆಗೆ ಔಷಧಿ ಹೊಡೆಸಿ ಸೋಮವಾರ ಪಾಳಿಗೆ ಹೋಗುವ ಬದುಕು ಒಂದು ಕಾಲಕ್ಕೆ ಸಾಧ್ಯವಿತ್ತು. ಈಗ ಅವನು ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಬರುತ್ತಾನೆ. ಅವನ ಮೇಲಧಿಕಾರಿ ಹಿಂದಿಯಲ್ಲಿ ಕರೆಯುತ್ತಾನೆ, ಇವನು ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಸಂಜೆ ನಮ್ಮ ಸಭೆಗೆ ಬಂದು ‘ಬೆಂಗಳೂರಲ್ಲಿ ಕನ್ನಡ ಇಲ್ಲ’ ಎನ್ನುತ್ತಾನೆ. ಅವನ ತಪ್ಪಲ್ಲ. ಕನ್ನಡದಲ್ಲಿ ಕೂಲಿ ಕೊಡುತ್ತಿದ್ದ ಊರನ್ನು ನಾವು ಕೈಯಾರೆ ಬಿಟ್ಟುಕೊಟ್ಟೆವು.

ಏನು ಮಾಡಬಹುದು ಎಂದು ಕೇಳುತ್ತೀರಿ. ನನಗೆ ತಿಳಿದ ಎರಡು ಕೆಲಸ ಹೇಳುತ್ತೇನೆ. ಒಂದು, ನಿಮ್ಮ ನಿಮ್ಮ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಕಾಗದ ಕಾರ್ಖಾನೆಯ ನೆಡುತೋಪು ಎಷ್ಟಿದೆ, ಯಾವ ಸರ್ವೆ ನಂಬರಿನಲ್ಲಿದೆ, ಕಡಿದ ಮರ ಎಲ್ಲಿಗೆ ಹೋಗುತ್ತಿದೆ, ದುಡ್ಡು ಯಾರಿಗೆ ಸೇರುತ್ತಿದೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕನ್ನಡದಲ್ಲೇ ಹಾಕಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಹತ್ತು ರೂಪಾಯಿ ಖರ್ಚು. ಮೂರು ತಾಲ್ಲೂಕಿನ ಲೆಕ್ಕ ಒಂದು ಕಡೆ ಸೇರಿದರೆ ಅದನ್ನು ಈ ಪತ್ರಿಕೆಯಲ್ಲೇ ಅಚ್ಚು ಹಾಕಬಹುದು. ಎರಡನೆಯದು, ಐರನ್ ಫ್ಯಾಕ್ಟ್ರಿ, ಪೇಪರ್ ಫ್ಯಾಕ್ಟ್ರಿಯಿಂದ ನಿವೃತ್ತರಾದ ಹಿರಿಯರು ಜನ್ನಾಪುರದಲ್ಲಿ, ಪೇಪರ್‌ಟೌನಿನಲ್ಲಿ, ಹಳೇನಗರದಲ್ಲಿ ಇನ್ನೂ ಇದ್ದಾರೆ. ಕುಲುಮೆಗೆ, ಅಚ್ಚಿಗೆ, ತಿರುಳಿಗೆ, ಯಂತ್ರದ ಒಂದೊಂದು ಭಾಗಕ್ಕೆ ಅವರು ಬಳಸುತ್ತಿದ್ದ ಕನ್ನಡದ ಮಾತುಗಳು ಯಾವ ನಿಘಂಟಿನಲ್ಲೂ ಪೂರ್ತಿ ಇಲ್ಲ. ಅವರ ಮಾತೃಭಾಷೆ ತಮಿಳಿರಲಿ ಉರ್ದು ಇರಲಿ, ಆ ಕನ್ನಡ ಅವರ ಹತ್ತಿರ ಇದೆ. ನಿಮ್ಮ ಜೇಬಿನ ಫೋನಿನಲ್ಲಿ ಧ್ವನಿ ಹಿಡಿಯಲು ಬರುತ್ತದೆ.

ಊರಿಗೆ ಹೋಗಲು ನೀವು ಹತ್ತುವ ತಾಳಗುಪ್ಪದ ರಾತ್ರಿ ರೈಲು ಭದ್ರಾವತಿಯಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ನಿಮಗೆ ಒಳ್ಳೆಯ ನಿದ್ದೆ. ಮುಂದಿನ ಸಲ ಅಲ್ಲೇ ಇಳಿದು, ಸ್ಟೇಷನ್ನಿನ ಹೊರಗೆ ಒಂದು ಚಹಾ ಕುಡಿದು, ಬೆಳಕು ಹರಿದ ಮೇಲೆ ನ್ಯೂಟೌನ್ ಕಡೆ ನಡೆಯಿರಿ. ಬರುವ ಎರಡನೇ ಶನಿವಾರ ನಾನು ಹೋಗುತ್ತಿದ್ದೇನೆ, ಜೊತೆಗೆ ಬರುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ. ಈಗ ಪ್ರಶ್ನೆಗಳಿದ್ದರೆ ಕೇಳಿ.